ಸಾಮಾಜಿಕ ನ್ಯಾಯದ ಟ್ರಸ್ಟಿಗೆ ಹಣಕಾಸು ಮುಖ್ಯಸ್ಥರು ಬೇಕು, ಸಿಎ ಕಡ್ಡಾಯ ಅಂತ ಹಾಕಬೇಕಾ?

ಹೊನ್ನೆಮರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಬೆಂಗಳೂರಿನ ಒಂದು ಟ್ರಸ್ಟಿನಲ್ಲಿ ಕಾರ್ಯಕ್ರಮದ ಕಡೆ ಕೆಲಸ ಮಾಡುತ್ತೇನೆ. ನಾವು ಶಾಲೆ, ಆಸ್ಪತ್ರೆ ನಡೆಸುವವರಲ್ಲ. ಸಣ್ಣ ಸಣ್ಣ ಸಂಘಗಳಿಗೆ ದುಡ್ಡು ಕೊಟ್ಟು ಅವರ ಜೊತೆ ನಿಲ್ಲುವುದು ನಮ್ಮ ಕೆಲಸ. ರಾಯಚೂರು, ಕಲಬುರಗಿ ಕಡೆ ಪಿಟಿಸಿಎಲ್ (ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರರ ಪಾಲಾಗದಂತೆ ತಡೆಯುವ ಕಾಯ್ದೆ) ಜಮೀನಿನ ಕೇಸು ನಡೆಸುವ ದಲಿತ ಸಂಘಗಳು, ಪೌರಕಾರ್ಮಿಕರ ಸಂಘಗಳು, ಮಾಜಿ ದೇವದಾಸಿ ತಾಯಂದಿರ ಮಕ್ಕಳ ಓದಿಗಾಗಿ ಓಡಾಡುವ ಮಹಿಳಾ ಸಂಘಗಳು, ಎಲ್ಲ ಸೇರಿ 40ರ ಹತ್ತಿರ ಇವೆ. ವರ್ಷಕ್ಕೆ ಸುಮಾರು ಒಂಬತ್ತು ಕೋಟಿಯ ವ್ಯವಹಾರ. ಅರ್ಧಕ್ಕಿಂತ ಜಾಸ್ತಿ ಇಲ್ಲಿನ ದಾನಿಗಳದ್ದು, ಸ್ವಲ್ಪ ಕಂಪನಿಗಳು ಕೊಡುವ ಸಿಎಸ್‌ಆರ್ ಹಣ, ಉಳಿದದ್ದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಖಾತೆಗೆ ಬರುವ ವಿದೇಶಿ ಹಣ.

ಹಣಕಾಸು ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾದರು. ಹೊಸಬರನ್ನು ಹುಡುಕುವ ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ. ಟ್ರಸ್ಟಿಗಳಲ್ಲಿ ಒಮ್ಮತ ಇಲ್ಲ. ಒಬ್ಬರಿಗೆ ದೊಡ್ಡ ಕಂಪನಿಯಲ್ಲಿ ಸಿಎಫ್‌ಒ, ಅಂದರೆ ಹಣಕಾಸು ಮುಖ್ಯಸ್ಥ, ಆಗಿದ್ದವರೇ ಬೇಕು. ಇನ್ನೊಬ್ಬರು, ಹೊಸ ಆಳು ಯಾಕೆ, ನಮ್ಮ ಆಡಿಟರಿಗೇ ತಿಂಗಳಿಗಿಷ್ಟು ಅಂತ ಕೊಟ್ಟು ಮಾಡಿಸಿದರಾಯಿತು ಅನ್ನುತ್ತಾರೆ. ಮತ್ತೊಬ್ಬರು ತಮ್ಮ ಅಳಿಯನ ಹೆಸರು ಹೇಳಿದ್ದಾರೆ. ಒಳ್ಳೆಯ ಹುಡುಗ, ಸಿಎ ಕೂಡ.

ನನ್ನ ಮನಸ್ಸಿನಲ್ಲಿರುವುದು ಬೇರೆ. ನಮ್ಮಲ್ಲಿ 14 ವರ್ಷದಿಂದ ಅಕೌಂಟೆಂಟ್ ಆಗಿರುವ ಒಬ್ಬ ಅಕ್ಕ ಇದ್ದಾರೆ. ಅವರ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ಅವರೇ, ಬಿಕಾಂ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಅವರಿಗೆ ನೀರು ಕುಡಿದಷ್ಟು ಸಲೀಸು. ಯಾವ ಸಂಘದ ಯಾವ ಕಂತು ಯಾಕೆ ನಿಂತಿದೆ ಅಂತ ಫೈಲ್ ತೆಗೆಯದೆ ಹೇಳುತ್ತಾರೆ. ನಾವು ಬರೆದಿಟ್ಟಿರುವ ಜಾಹೀರಾತಿನಲ್ಲಿ 'ಸಿಎ ಕಡ್ಡಾಯ, 15 ವರ್ಷ ಅನುಭವ, ಇಂಗ್ಲಿಷ್ ನಿರರ್ಗಳವಾಗಿ ಬರಬೇಕು' ಅಂತಿದೆ. ಈ ಮೂರು ಸಾಲಿನಲ್ಲಿ ಅವರು ಅರ್ಜಿ ಹಾಕುವ ಮೊದಲೇ ಹೊರಗೆ. ಅವರಿಗೆ ಅನ್ಯಾಯ ಆಗುತ್ತಿದೆ ಅನಿಸುತ್ತದೆ. ಹಾಗಂತ ಅವರನ್ನೇ ಕೂರಿಸಿದರೆ ಎಫ್‌ಸಿಆರ್‌ಎ, ಟ್ಯಾಕ್ಸ್, ದಾನಿಗಳ ಜೊತೆ ಮಾತುಕತೆ, ಇಷ್ಟೂ ಅವರೊಬ್ಬರಿಂದ ಆಗುತ್ತದಾ ಅನ್ನುವ ಭಯವೂ ಇದೆ.

ಸಂಬಳ ವರ್ಷಕ್ಕೆ 22ರಿಂದ 26 ಲಕ್ಷದವರೆಗೆ ಕೊಡಬಹುದು ಅಂತ ತೀರ್ಮಾನ ಆಗಿದೆ. ಈ ಕೆಲಸ ಮಾಡಿದವರು, ಮಾಡಿಸಿದವರು, ನಮ್ಮಂಥವರಿಂದ ದುಡ್ಡು ಪಡೆದವರು ಯಾರಾದರೂ ಇದ್ದರೆ ಹೇಳಿ. ಯಾರನ್ನು ಹುಡುಕಬೇಕು, ಏನು ಕೇಳಬೇಕು?

ಲೆಕ್ಕದಮನೆ:

ನಮಸ್ಕಾರ ಮೇಡಂ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. 19 ವರ್ಷದಿಂದ ಎನ್‌ಜಿಒ ಲೆಕ್ಕದಲ್ಲೇ ಇದ್ದೇನೆ, ಅದರಲ್ಲಿ ಏಳು ವರ್ಷ ಮುಖ್ಯಸ್ಥೆಯಾಗಿ. ನಾನು ಸಿಎ ಅಲ್ಲ, ಎಂಕಾಂ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಆಡಿಟ್ ವರದಿಗೆ ಸಹಿ ಹಾಕುವುದಕ್ಕೆ ಸಿಎ ಬೇಕೇ ಬೇಕು. ಅವರು ಹೊರಗಿನವರು, ಹೇಗಿದ್ದರೂ ಇರುತ್ತಾರೆ. ಒಳಗೆ ಕೂರುವವರ ಕೆಲಸ ಬೇರೆ. ದುಡ್ಡು ಯಾವಾಗ, ಯಾರಿಗೆ, ಯಾವ ಷರತ್ತಿನ ಮೇಲೆ ಹೋಗಬೇಕು ಅಂತ ದಿನಾ ತೀರ್ಮಾನ ಮಾಡುವುದು. ನಿಮ್ಮಂಥ ಟ್ರಸ್ಟಿನಲ್ಲಿ ನ್ಯಾಯ ಆಗುವುದೂ, ಆಗದೆ ಇರುವುದೂ ಆ ಮೇಜಿನ ಮೇಲೇ. ನೀವು ಸಭೆಯಲ್ಲಿ ಎಷ್ಟು ಒಳ್ಳೆಯ ಮಾತಾಡಿದರೂ, ಲೆಕ್ಕದ ವಿಭಾಗದವರು ಒಂದು ಸಂಘದ ಎರಡನೇ ಕಂತನ್ನು ನಾಲ್ಕು ತಿಂಗಳು ಹಿಡಿದಿಟ್ಟರೆ ಆ ಸಂಘಕ್ಕೆ ನಿಮ್ಮ ಟ್ರಸ್ಟ್ ಅಂದರೆ ಅಷ್ಟೇ.

ನಾವು ಮೂರು ವರ್ಷದ ಹಿಂದೆ ನನ್ನ ಜಾಗಕ್ಕಿಂತ ಮೇಲೆ ಒಬ್ಬರನ್ನು ತೆಗೆದುಕೊಂಡೆವು. ಸಂದರ್ಶನದಲ್ಲಿ ಪ್ರಶ್ನೆಗಿಂತ ಮೊದಲು ಒಂದು ಖಾಕಿ ಕವರ್ ಕೊಟ್ಟೆವು, ಅದನ್ನೇ ಹೇಳುತ್ತೇನೆ. ನಿಜವಾದ ವೋಚರ್‌ಗಳದೇ ನಕಲು, ಹೆಸರು ಅಳಿಸಿದ್ದು. ಬಿಳಿ ಹಾಳೆಯಲ್ಲಿ ಬಾಲ್ ಪೆನ್ನಿನಲ್ಲಿ ಬರೆದ ರಸೀದಿ, ಕೆಳಗೆ ಹೆಬ್ಬೆಟ್ಟು, 6,000 ರೂಪಾಯಿ ಆದ್ದರಿಂದ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕಿತ್ತು, ಅಂಟಿಸಿಲ್ಲ. ರೆಕಾರ್ಡ್ ರೂಮಿನಲ್ಲಿ ಸಾಗುವಳಿ ಚೀಟಿಯ ನಕಲು ತೆಗೆಸಿದ ಖರ್ಚು, ಅದಕ್ಕೆ ರಸೀದಿ ಇರುವುದು ಅರ್ಧಕ್ಕೆ ಮಾತ್ರ. ಊಟದ ಬಿಲ್ಲು, ಅದರ ಮೇಲೆ ಹೋಟೆಲಿನ ಹೆಸರಿಲ್ಲ. ಆಮೇಲೆ ಶಕ್ತಿ ಯೋಜನೆಯ ಒಂದು ಶೂನ್ಯ ಟಿಕೆಟ್, ಅದನ್ನು ಪಿನ್ ಮಾಡಿದ್ದ ವೋಚರಿನಲ್ಲಿ ಪ್ರಯಾಣ ವೆಚ್ಚ 160 ರೂಪಾಯಿ ಅಂತ ಬರೆದಿತ್ತು.

ಮೊದಲು ಬಂದವರು ಒಂದು ಹೆಸರಾಂತ ಕಂಪನಿಯಿಂದ ಬಂದವರು. ಕವರ್ ನೋಡಿ ಐದೇ ನಿಮಿಷದಲ್ಲಿ ಎಲ್ಲದರ ಮೇಲೂ ಅಡ್ಡ ಗೆರೆ ಎಳೆದರು. ಬಸ್ ಉಚಿತ ಇರುವಾಗ 160 ಯಾಕೆ, ಇದು ಮೋಸ, ಆ ಸಂಘಕ್ಕೆ ಮುಂದೆ ದುಡ್ಡು ನಿಲ್ಲಿಸಬೇಕು ಅಂದರು. ಎರಡನೆಯವರು ಎಲ್ಲವನ್ನೂ ಪಾಸ್ ಮಾಡಿದರು, ಪಾಪ ಬಡವರು, 160 ರೂಪಾಯಿಗೆ ಏನು ಕೇಳುವುದು ಅಂದರು. ಅದೂ ತಪ್ಪೇ. ಹಾಗೆ ಬಿಟ್ಟ 160 ರೂಪಾಯಿ ನಾಳೆ ತಪಾಸಣೆಯಲ್ಲಿ ಅದೇ ಹೆಣ್ಣುಮಗಳ ತಲೆಗೆ ಬರುತ್ತದೆ. ಮೂರನೆಯವರು ಶೂನ್ಯ ಟಿಕೆಟನ್ನು ಬೆಳಕಿಗೆ ಹಿಡಿದು ಸಮಯ ನೋಡಿದರು. ಬೆಳಿಗ್ಗೆ 6.40. 'ಆ ಊರಿಗೆ ಬಸ್ ಬರುತ್ತದಾ, ಇಲ್ಲ ಮೇನ್ ರೋಡಿಗೆ ಬಂದು ಹಿಡಿಯಬೇಕಾ' ಅಂತ ಕೇಳಿದರು. ಮೇನ್ ರೋಡಿಗೆ ಏಳು ಕಿಲೋಮೀಟರ್ ಇತ್ತು. ಅಷ್ಟು ಹೊತ್ತಿಗೆ ಬಾಡಿಗೆ ಆಟೋ ಬಿಟ್ಟರೆ ಬೇರೇನೂ ಇರಲಿಲ್ಲ. 'ಹಾಗಿದ್ದರೆ ಆಟೋ ಅಂತ ಬರೆಯಿರಿ, ಆಟೋದವನ ಫೋನ್ ನಂಬರ್ ಹಾಕಿ, ನಾನು ಪಾಸ್ ಮಾಡುತ್ತೇನೆ' ಅಂದರು. ಅವರನ್ನೇ ತೆಗೆದುಕೊಂಡೆವು.

ಎಫ್‌ಸಿಆರ್‌ಎ ಬಗ್ಗೆಯೂ ಒಂದು ಮಾತು. 2020ರ ತಿದ್ದುಪಡಿ ಆದ ಮೇಲೆ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗೇ ಇಲ್ಲ, ಆ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಅಷ್ಟೇ. ಆಡಳಿತ ವೆಚ್ಚದ ಮಿತಿ ಮೊದಲು ನೂರಕ್ಕೆ 50 ಇತ್ತು, ಈಗ 20. ಹಣ ಮೊದಲು ಬಂದು ಬೀಳುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. ನೀವು ಸಂಘಗಳಿಗೆ ಕೊಡುವ ದುಡ್ಡು ಎಲ್ಲವೂ ದೇಶದ ಒಳಗಿನ ಹಣದಿಂದಲೇ ಹೋಗಬೇಕು, ಹಾಗೇ ಮಾಡುತ್ತಿರುತ್ತೀರಿ ಅಂದುಕೊಂಡಿದ್ದೇನೆ. ಬರುವವರಿಗೆ ಈ ಎರಡು ಚೀಲ ಬೇರೆ ಬೇರೆ ಇಟ್ಟುಕೊಂಡು ಕೆಲಸ ಮಾಡಿ ಗೊತ್ತಿರಬೇಕು. ಮುಖ್ಯಸ್ಥರ ಸಂಬಳವೂ ಆಡಳಿತ ವೆಚ್ಚಕ್ಕೇ ಸೇರುತ್ತದೆ. 26 ಲಕ್ಷ ಕೊಡುವುದಾದರೆ ಯಾವ ಚೀಲದಿಂದ ಎಷ್ಟು ಅಂತ ಈಗಲೇ ಲೆಕ್ಕ ಹಾಕಿಡಿ.

ನಿಮ್ಮ ಅಕ್ಕನ ವಿಷಯಕ್ಕೆ ಆಮೇಲೆ ಬರುತ್ತೇನೆ, ಬೇರೆಯವರು ಏನು ಹೇಳುತ್ತಾರೆ ನೋಡೋಣ.

ಸಿಎ_ಮೈಸೂರು:

ಮೇಲೆ ಬರೆದ ಮೇಡಂ ಹೇಳಿದ್ದರಲ್ಲಿ ಬಹಳಷ್ಟು ಸರಿ. ನಾನು ಹೊರಗಿನಿಂದ ಹದಿನೈದು ಇಪ್ಪತ್ತು ಟ್ರಸ್ಟುಗಳ ಆಡಿಟ್ ಮಾಡುವವನು. ಮೂರು ವಿಷಯ ನೇರವಾಗಿ ಹೇಳುತ್ತೇನೆ.

ಆಡಿಟರಿಗೇ ಈ ಕೆಲಸ ಕೊಡಬೇಡಿ. ಬರೆದವನೇ ಪರೀಕ್ಷೆ ಮಾಡುವುದು ಅಂದರೆ ಪರೀಕ್ಷೆಯೇ ಇಲ್ಲ ಅಂತ ಅರ್ಥ. ನಮ್ಮ ವೃತ್ತಿಯ ನಿಯಮವೂ ಅದನ್ನು ಒಪ್ಪುವುದಿಲ್ಲ. ಟ್ರಸ್ಟಿಗಳು ಖರ್ಚು ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ಒಬ್ಬ ಆಡಿಟರ್ ಈ ಮಾತಿಗೆ ಹೂಂ ಅಂದರೆ ಆ ಆಡಿಟರನ್ನೇ ಬದಲಾಯಿಸುವುದು ಒಳ್ಳೆಯದು.

ಅಳಿಯನ ವಿಷಯ. ಟ್ರಸ್ಟಿಯ ಸಂಬಂಧಿಗೆ ಸಂಬಳ ಕೊಡಲೇಬಾರದು ಅಂತ ತೆರಿಗೆ ಕಾನೂನು ಹೇಳುವುದಿಲ್ಲ. ಕೆಲಸಕ್ಕೆ ತಕ್ಕಷ್ಟೇ ಕೊಟ್ಟಿದ್ದೀರಿ ಅಂತ ತೋರಿಸಬೇಕಾಗುತ್ತದೆ. ತೋರಿಸಲು ಆಗದಿದ್ದರೆ ಆ ಹಣಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆದರೆ ಕಾನೂನಿನ ಮಾತು ಪಕ್ಕಕ್ಕಿಡಿ. ನಾಳೆ ಆ ಟ್ರಸ್ಟಿಯ ಪ್ರಯಾಣದ ಬಿಲ್ಲನ್ನು ಅವರ ಅಳಿಯ ತಡೆಹಿಡಿಯುತ್ತಾನಾ? ಹಣಕಾಸು ಮುಖ್ಯಸ್ಥರಿಗೆ ಬೇಕಾದ ಮೊದಲ ಗುಣ ಟ್ರಸ್ಟಿಗೂ ಇಲ್ಲ ಅನ್ನುವ ಧೈರ್ಯ. ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಆ ಕುರ್ಚಿಯಲ್ಲಿ ಕೂತು ಮಾವನಿಗೆ ಇಲ್ಲ ಅನ್ನು ಅಂತ ಅವನಿಗೆ ಹೇಳುವುದೇ ತಪ್ಪು.

ಮೂರನೆಯದರಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಸಿಎ ಕಡ್ಡಾಯ ಬೇಡ, ಸರಿ. ಆದರೆ ಕಾನೂನು ಗೊತ್ತಿಲ್ಲದವರು ಬೇಡವೇ ಬೇಡ. ಈಚೆಗೆ ಒಂದಾದ ಮೇಲೊಂದು ಬದಲಾಗಿದೆ. 2021ರಿಂದ ಎಲ್ಲ ಹಳೆಯ ಟ್ರಸ್ಟುಗಳೂ ಆದಾಯ ತೆರಿಗೆ ಇಲಾಖೆಯಲ್ಲಿ ಮತ್ತೆ ನೋಂದಣಿ ಮಾಡಿಸಿಕೊಳ್ಳಬೇಕಾಯಿತು. 2023ರ ಬಜೆಟ್‌ನಿಂದ ಒಂದು ಟ್ರಸ್ಟ್ ಇನ್ನೊಂದು ನೋಂದಾಯಿತ ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ ಅದರಲ್ಲಿ 85 ಮಾತ್ರ ಖರ್ಚಾದ ಹಾಗೆ ಲೆಕ್ಕ. ವರ್ಷದ ಆದಾಯದಲ್ಲಿ ನೂರಕ್ಕೆ 85 ಖರ್ಚು ಮಾಡಲೇಬೇಕು ಅನ್ನುವ ನಿಯಮ ಇದ್ದೇ ಇದೆ. ಬೇರೆಯವರಿಗೆ ಕೊಡುವುದೇ ಕೆಲಸವಾಗಿರುವ ನಿಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಬಂದದ್ದರಲ್ಲಿ 85 ಮಾತ್ರ ಕೊಟ್ಟು ಸುಮ್ಮನಿದ್ದರೆ ಲೆಕ್ಕಕ್ಕೆ ಬರುವುದು 72 ಚಿಲ್ಲರೆ, ಉಳಿದದ್ದಕ್ಕೆ ತೆರಿಗೆ ಕಟ್ಟಬೇಕಾಗಬಹುದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ನಾವು ವರ್ಷಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದ ಸೆಕ್ಷನ್ ನಂಬರುಗಳೇ ಬದಲು. ಅಭ್ಯರ್ಥಿಗೆ ನಂಬರ್ ಕೇಳಬೇಡಿ. 'ಈ ವರ್ಷ ನಮ್ಮ ಸಂಘಗಳಿಗೆ ಒಂದೂವರೆ ಕೋಟಿ ಕೊಡಬೇಕು, ಕೆಲವಕ್ಕೆ ನೋಂದಣಿ ಇದೆ, ಕೆಲವಕ್ಕೆ ಇಲ್ಲ, ಹೇಗೆ ಕೊಡುತ್ತೀರಿ' ಅಂತ ಕೇಳಿ. ಹತ್ತು ನಿಮಿಷ ಮಾತಾಡಲು ಬಿಡಿ. ಗೊತ್ತಿದ್ದವರು ಮಾತಾಡುತ್ತಾರೆ, ಗೊತ್ತಿಲ್ಲದವರು ಎರಡು ನಿಮಿಷದಲ್ಲಿ ಸುಮ್ಮನಾಗುತ್ತಾರೆ.

ನನ್ನ ಕಣ್ಣೆದುರಿಗೆ ಆದದ್ದು ಹೇಳುತ್ತೇನೆ, ಊರು ಹೆಸರು ಬೇಡ. ಒಂದು ಟ್ರಸ್ಟಿನಲ್ಲಿ ಮುಖ್ಯಸ್ಥರು ಬಿಟ್ಟು ಹೋಗಿ ಎಂಟು ತಿಂಗಳು ಜಾಗ ಖಾಲಿ ಇತ್ತು. ದಾನಿಗಳ ಪಟ್ಟಿ ಕೊಡುವ ಫಾರಂ 10ಬಿಡಿ ಇತ್ತಲ್ಲ, ಮೇ 31ರ ಗಡುವು, ಅದು ಯಾರ ಕೆಲಸ ಅಂತಲೇ ಯಾರಿಗೂ ಗೊತ್ತಾಗಲಿಲ್ಲ. ದಿನಕ್ಕೆ 200 ರೂಪಾಯಿ ದಂಡ ಏರುತ್ತಾ ಹೋಯಿತು. ದುಡ್ಡು ಹೋದರೆ ಹೋಗಲಿ. ಪಿಂಚಣಿಯಲ್ಲಿ ಉಳಿಸಿ ದಾನ ಕೊಟ್ಟಿದ್ದ ಒಬ್ಬ ಮೇಷ್ಟ್ರು ತಮ್ಮ ರಿಟರ್ನ್ಸಿನಲ್ಲಿ ದಾನಕ್ಕೆ ಸಿಗುವ 80ಜಿ ತೆರಿಗೆ ರಿಯಾಯಿತಿ ಸಿಗದೆ ಆಫೀಸಿಗೆ ನಾಲ್ಕು ಸಲ ಬಂದರು. ಐದನೇ ಸಲ ಬರಲಿಲ್ಲ, ಮತ್ತೆ ದಾನವನ್ನೂ ಕೊಡಲಿಲ್ಲ.

ಹಾಗಾಗಿ ಜಾಗ ತುಂಬ ದಿನ ಖಾಲಿ ಬಿಡಬೇಡಿ. ಇಬ್ಬರು ಒಳ್ಳೆಯವರಲ್ಲಿ ಯಾರು ಅಂತ ಆರು ತಿಂಗಳು ಎಳೆಯುವುದಕ್ಕಿಂತ ಒಬ್ಬರನ್ನು ತೆಗೆದುಕೊಳ್ಳಿ.

ಸರಳರೇಖೆ:

ಒಂದು ಪ್ರಶ್ನೆ, ಕೋಪ ಮಾಡಿಕೊಳ್ಳಬೇಡಿ. ಬಡವರಿಗಾಗಿ ಬಂದ ದುಡ್ಡಿನಲ್ಲಿ ಒಬ್ಬರಿಗೆ 26 ಲಕ್ಷ ಸಂಬಳವಾ? ನಾನು ವರ್ಷಕ್ಕೆ 5,000 ಒಂದು ಸಂಸ್ಥೆಗೆ ಕೊಡುತ್ತೇನೆ. ಅದು ಹೀಗೆ ಸಂಬಳಕ್ಕೆ ಹೋಗುತ್ತದೆ ಅಂದರೆ ಬೇಸರ ಆಗುತ್ತದೆ. ಸೇವಾ ಮನೋಭಾವದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಸಿಗುವುದಿಲ್ವಾ?

ಕಂಪನಿಬಿಟ್ಟವ:

@ಸರಳರೇಖೆ, ನಿಮ್ಮ ಬೇಸರ ಅರ್ಥ ಆಗುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಾನು ಸಿಎ, 17 ವರ್ಷ ಕಂಪನಿಯಲ್ಲಿದ್ದು ಆರು ವರ್ಷದ ಹಿಂದೆ ಇಂಥದೇ ಟ್ರಸ್ಟಿಗೆ ಬಂದೆ, ಸಂಬಳ ಮೂರರಲ್ಲಿ ಒಂದು ಭಾಗಕ್ಕೆ ಇಳಿಯಿತು. ನನಗೆ ಅದು ಸಾಧ್ಯವಾದದ್ದು ಮನೆ ಸಾಲ ತೀರಿತ್ತು, ಹೆಂಡತಿಗೆ ಕೆಲಸ ಇತ್ತು ಅಂತ. ಸೇವೆ ಅಂತ ಕಡಿಮೆ ಸಂಬಳ ಇಟ್ಟರೆ ಆ ಕುರ್ಚಿಗೆ ನನ್ನಂಥವರೇ ಬರುತ್ತಾರೆ, ಅಪ್ಪನ ಮನೆ ಇರುವವರು, ಸಾಲ ಇಲ್ಲದವರು. ಊರಿಗೆ ದುಡ್ಡು ಕಳಿಸಬೇಕಾದ, ತಂಗಿ ಮದುವೆ ಮಾಡಬೇಕಾದ ದಲಿತ ಹುಡುಗಿ ಎಷ್ಟೇ ಜಾಣೆಯಾಗಿದ್ದರೂ ಬರುವುದಿಲ್ಲ, ಬರಲು ಆಗುವುದಿಲ್ಲ. ಸಂಬಳ ಸರಿಯಾಗಿ ಕೊಡುವುದೂ ಇಲ್ಲಿ ಸಾಮಾಜಿಕ ನ್ಯಾಯದ ಪ್ರಶ್ನೆಯೇ. ನಿವೃತ್ತ ಬ್ಯಾಂಕ್ ಮ್ಯಾನೇಜರುಗಳಲ್ಲಿ ತುಂಬ ಒಳ್ಳೆಯವರನ್ನು ನೋಡಿದ್ದೇನೆ, ಆದರೆ ವಾರಕ್ಕೆ ಎರಡು ದಿನ ಬಂದು ಹೋಗುವ ಕೆಲಸ ಇದಲ್ಲ.

@ಹೊನ್ನೆಮರ, ಕಂಪನಿಯಿಂದ ಬರುವವರನ್ನು ಬೇಡ ಅನ್ನಬೇಡಿ. ನಮಗೆ ಕೆಲವು ಒಳ್ಳೆಯ ಅಭ್ಯಾಸ ಇರುತ್ತದೆ. ಮುಂದಿನ ಹದಿನೆಂಟು ತಿಂಗಳಿಗೆ ಕೈಯಲ್ಲಿ ಎಷ್ಟು ದುಡ್ಡು ಇರುತ್ತದೆ ಅಂತ ತಿಂಗಳು ತಿಂಗಳು ನೋಡುವುದು, ಒಬ್ಬನೇ ದಾನಿಯ ಮೇಲೆ ನೂರಕ್ಕೆ 60 ನಿಂತಿದ್ದರೆ ಟ್ರಸ್ಟಿಗಳಿಗೆ ಹೆದರದೆ ಹೇಳುವುದು, ಚೆಕ್ಕಿಗೆ ಸಹಿ ಹಾಕುವವರೇ ಪಾಸ್ ಮಾಡುವವರೂ ಆಗಬಾರದು ಅಂತ ಹಟ ಹಿಡಿಯುವುದು. ಇದು ನಿಮಗೆ ಬೇಕು.

ಆದರೆ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಬಂದ ಮೊದಲ ತಿಂಗಳೇ ಎಲ್ಲ ಸಂಘಗಳಿಗೂ ಹೊಸ ವರದಿ ನಮೂನೆ ಕಳಿಸಿದೆ, ಇಂಗ್ಲಿಷಿನಲ್ಲಿ, 14 ಕಾಲಂ ಎಕ್ಸೆಲ್. ಎರಡು ಲಕ್ಷ ಪಡೆದ ಸಂಘಕ್ಕೂ 40 ಲಕ್ಷ ಪಡೆದ ಸಂಸ್ಥೆಗೂ ಅದೇ. ಕಂಪನಿಯಲ್ಲಿ ಎಲ್ಲರಿಗೂ ಒಂದೇ ನಿಯಮ ಅಂದರೆ ಅದು ಸಮಾನತೆ ಅಂತ ಕಲಿತಿದ್ದೆ. ಮೂರು ತಿಂಗಳಾದರೂ 11 ಸಂಘಗಳಿಂದ ಏನೂ ಬರಲಿಲ್ಲ. ಕಾರಣ ತಿಳಿಯೋಣ ಅಂತ ಚಾಮರಾಜನಗರದ ಕಡೆ ಒಂದು ಸಂಘಕ್ಕೆ ಹೋದೆ. ಅಲ್ಲಿನ ಕಾರ್ಯದರ್ಶಿ ತಾಯಿ ಒಂದು ರೂಲ್ಡ್ ನೋಟ್‌ಬುಕ್ ತೆಗೆದು ಮುಂದಿಟ್ಟರು. ಎಡಗಡೆ ಬಂದದ್ದು, ಬಲಗಡೆ ಹೋದದ್ದು, ಪ್ರತಿ ಪುಟದ ಕೆಳಗೆ ಐದು ಜನರ ಸಹಿ, ತಿಂಗಳ ಕೊನೆಯ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಕೂಡಿ ನೋಡಿದೆ, ಒಂದು ರೂಪಾಯಿ ಹೆಚ್ಚು ಕಡಿಮೆ ಇರಲಿಲ್ಲ. ಲೆಕ್ಕ ಇತ್ತು. ನನ್ನ ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೇ. ವಾಪಸ್ ಬಂದು ಐದು ಲಕ್ಷದ ಒಳಗಿನ ಸಂಘಗಳಿಗೆ ಆ ನೋಟ್‌ಬುಕ್ಕಿನ ಪುಟಗಳ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು ಅಂತ ಮಾಡಿದೆವು, ಟ್ಯಾಲಿಗೆ ಹಾಕುವುದು ನಮ್ಮ ಆಫೀಸಿನ ಕೆಲಸ. ವೋಚರುಗಳನ್ನು ವರ್ಷಕ್ಕೆರಡು ಸಲ ನಾವೇ ಹೋಗಿ ತರುತ್ತೇವೆ. ಆಡಿಟಿನಲ್ಲಿ ಇದುವರೆಗೆ ತೊಂದರೆ ಬಂದಿಲ್ಲ.

ಆದ್ದರಿಂದ ಯಾರನ್ನೇ ತೆಗೆದುಕೊಳ್ಳಿ, ಮೊದಲ ಮೂರು ತಿಂಗಳು ಯಾವ ನಮೂನೆಯನ್ನೂ ಬದಲಾಯಿಸುವಂತಿಲ್ಲ, ಕಡಿಮೆ ಅಂದರೂ ಎಂಟು ಸಂಘಗಳಿಗೆ ಹೋಗಿ ಒಂದು ರಾತ್ರಿ ಉಳಿದು ಬರಬೇಕು ಅಂತ ನೇಮಕದ ಪತ್ರದಲ್ಲೇ ಬರೆಯಿರಿ.

ತುಂಗಭದ್ರೆ:

ನಾನು ದುಡ್ಡು ಪಡೆಯುವ ಕಡೆಯವಳು. ನಮ್ಮದು ಮಾನ್ವಿ ತಾಲ್ಲೂಕಿನ ಮಹಿಳಾ ಸಂಘ. ನೀವೆಲ್ಲ ಆ ಕಡೆಯಿಂದ ಮಾತಾಡುತ್ತಿದ್ದೀರಿ, ಈ ಕಡೆಯದೂ ಕೇಳಿ.

ನಮಗೆ ಒಂದು ದೊಡ್ಡ ಸಂಸ್ಥೆ ಮೂರು ವರ್ಷಕ್ಕೆ ದುಡ್ಡು ಒಪ್ಪಿತ್ತು. ಸಂಜೆ ಮಕ್ಕಳಿಗೆ ಪಾಠ ಹೇಳಲು ನಮ್ಮ ಊರಿನದೇ ಇಬ್ಬರು ಹುಡುಗಿಯರನ್ನು ಇಟ್ಟಿದ್ದೆವು, ಒಬ್ಬೊಬ್ಬರಿಗೆ ತಿಂಗಳಿಗೆ 7,000. ಎರಡನೇ ವರ್ಷದ ಮೊದಲ ಕಂತು ಏಪ್ರಿಲ್‌ನಲ್ಲಿ ಬರಬೇಕಿತ್ತು. ಬಂದದ್ದು ಆಗಸ್ಟ್‌ನಲ್ಲಿ. ನಡುವೆ ಎಷ್ಟು ಸಲ ಫೋನ್ ಮಾಡಿದರೂ 'ಫೈನಾನ್ಸಿಗೆ ಕಳಿಸಿದ್ದೇವೆ' ಅನ್ನುವ ಒಂದೇ ಮಾತು. ಫೈನಾನ್ಸ್ ಅಂದರೆ ಯಾರು, ಗಂಡೋ ಹೆಣ್ಣೋ, ಯಾವ ಊರಲ್ಲಿ ಇದ್ದಾರೆ, ನಮಗೆ ಗೊತ್ತಿಲ್ಲ. ಹುಡುಗಿಯರು ಸಂಬಳ ಇಲ್ಲದೆ ಬರುತ್ತಿದ್ದರು. ಜೂನ್‌ನಲ್ಲಿ ಒಬ್ಬಳ ಅಪ್ಪ ಬಂದು, ಸುಮ್ನೆ ಯಾಕೆ ಹೋಗ್ತಾಳೆ, ಹತ್ತಿ ಬಿತ್ತುವ ಕೂಲಿಗೆ ಕಳಿಸ್ತೀನಿ ಅಂದ. ನಮ್ಮ ಅಧ್ಯಕ್ಷೆ ತನ್ನ ಕಿವಿಯ ಬೆಂಡೋಲೆ ಅಡ ಇಟ್ಟು ಎರಡು ತಿಂಗಳ ಸಂಬಳ ಕೊಟ್ಟಳು. ಅದರ ಬಡ್ಡಿಯನ್ನು ಯಾವ ಬಜೆಟ್ಟಿನಲ್ಲಿ ಹಾಕೋದು ಅಂತ ನಾವು ಯಾರನ್ನೂ ಕೇಳಲಿಲ್ಲ.

ಆಮೇಲೆ ಗೊತ್ತಾಯಿತು, ನಮ್ಮ ಪಾಸ್‌ಬುಕ್ಕಿನ ಒಂದು ಪುಟದ ಝೆರಾಕ್ಸ್ ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಅಷ್ಟಕ್ಕೆ ನಾಲ್ಕು ತಿಂಗಳು. ಒಂದು ಫೋನ್ ಮಾಡಿದ್ದರೆ ಅದೇ ದಿನ ಕಳಿಸುತ್ತಿದ್ದೆವು.

ಹಾಗಾಗಿ ನನ್ನ ಉತ್ತರ ಸಣ್ಣದು. ಕನ್ನಡದಲ್ಲಿ ಫೋನ್ ಎತ್ತುವವರನ್ನು ತೆಗೆದುಕೊಳ್ಳಿ. ದುಡ್ಡು ತಡ ಆಗುವುದಾದರೆ ತಡ ಆಗುತ್ತದೆ, ಇಂಥ ತಾರೀಖಿಗೆ ಬರುತ್ತದೆ ಅಂತ ಹೇಳುವವರನ್ನು. ಆಯ್ಕೆ ಮಾಡುವ ಸಮಿತಿಯಲ್ಲಿ ನಮ್ಮಂಥ ಸಂಘದಿಂದ ಒಬ್ಬರನ್ನು ಕೂರಿಸಿ. ನಾವು ಡಿಗ್ರಿ ನೋಡುವುದಿಲ್ಲ. ಆದರೆ ಎದುರಿಗೆ ಕೂತವರು ನಮ್ಮ ಮಾತು ಕೇಳುತ್ತಿದ್ದಾರಾ, ಕೇಳುವ ಹಾಗೆ ಮಾಡುತ್ತಿದ್ದಾರಾ ಅಂತ ನಮಗೆ ಬೇಗ ಗೊತ್ತಾಗುತ್ತದೆ.

ಲೆಕ್ಕದಮನೆ:

ಮಾನ್ವಿ ಅಕ್ಕ, ನೀವು ಬರೆದದ್ದನ್ನು ಪ್ರಿಂಟ್ ತೆಗೆದು ನಮ್ಮ ಲೆಕ್ಕದ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ನಮ್ಮಲ್ಲೂ ಹೀಗೆ ಎಷ್ಟು ಕಂತು ನಿಂತಿದೆ ಅಂತ ಇವತ್ತೇ ಪಟ್ಟಿ ತೆಗೆಸಿದೆ. ಆರು ಇದ್ದವು. ಎರಡಕ್ಕೆ ಕಾರಣವೇ ಇರಲಿಲ್ಲ.

ಹೊನ್ನೆಮರ ಮೇಡಂ, ನಿಮ್ಮ ಅಕ್ಕನ ವಿಷಯ. ಅವರನ್ನು ನೇರವಾಗಿ ಮುಖ್ಯಸ್ಥೆ ಮಾಡಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಮೊದಲು ಅವರನ್ನೇ ಕೇಳಿ. ನೀವೆಲ್ಲ ಅವರ ಬಗ್ಗೆ ಮಾತಾಡುತ್ತಿದ್ದೀರಿ, ಅವರ ಜೊತೆ ಮಾತಾಡಿದ್ದೀರಾ? ನನ್ನನ್ನು ಯಾರೂ ಕೇಳಿರಲಿಲ್ಲ. ಹೊಸ ಮುಖ್ಯಸ್ಥರು ಬರುತ್ತಾರೆ ಅಂತ ಸಭೆಯಲ್ಲಿ ಎಲ್ಲರ ಜೊತೆ ಕೂತಾಗಲೇ ನನಗೂ ಗೊತ್ತಾದದ್ದು. ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಬಂದವರು ಒಳ್ಳೆಯವರಾಗಿದ್ದರು, ಎಲ್ಲ ಸರಿ ಹೋಯಿತು, ಆದರೆ ಆ ನೋವು ಬೇರೆ.

ಅರ್ಜಿ ಹಾಕಲು ಅವರಿಗೆ ದಾರಿ ತೆರೆದಿಡಿ. ಅವರಿಗೇ ಆ ಜವಾಬ್ದಾರಿ ಈಗ ಬೇಡ ಅನಿಸಿದರೆ, ಬರುವ ಮುಖ್ಯಸ್ಥರ ಕೆಲಸದ ಪಟ್ಟಿಯಲ್ಲೇ ಬರೆಯಿರಿ, ಮೂರು ವರ್ಷದಲ್ಲಿ ಇವರನ್ನು ಆ ಕುರ್ಚಿಗೆ ತಯಾರು ಮಾಡಬೇಕು ಅಂತ. ದಾನಿಗಳ ಸಭೆಗೆ ಮುಖ್ಯಸ್ಥರ ಜೊತೆ ಅವರೂ ಹೋಗಬೇಕು. ಇಂಗ್ಲಿಷ್ ತರಗತಿ, ಎಫ್‌ಸಿಆರ್‌ಎ ತರಬೇತಿ, ಇವಕ್ಕೆ ಬಜೆಟ್ ಈ ವರ್ಷದಿಂದಲೇ ಇಡಿ. 14 ವರ್ಷ ಸಂಘಗಳ ಲೆಕ್ಕ ನೋಡಿದವರಿಗೆ ಕಾನೂನು ಕಲಿಸುವುದು ಕಷ್ಟ ಅಲ್ಲ. ಕಾನೂನು ಗೊತ್ತಿದ್ದವರಿಗೆ ಆ 14 ವರ್ಷ ಎಲ್ಲಿಂದ ತಂದುಕೊಡುತ್ತೀರಿ?

ಹೊನ್ನೆಮರ:

ಎಲ್ಲರಿಗೂ ತುಂಬ ಧನ್ಯವಾದ. ಎರಡು ವಾರ ಆಯಿತು, ಏನೇನಾಯಿತು ಅಂತ ಹೇಳಬೇಕು ಅಲ್ವಾ.

ಅಕ್ಕನ ಜೊತೆ ಮಾತಾಡಿದೆ. ಆಫೀಸಿನಲ್ಲಿ ಬೇಡ ಅಂತ ಹೊರಗೆ ಕಾಫಿಗೆ ಕರೆದುಕೊಂಡು ಹೋದೆ. ನಾನು ಕೇಳಿ ಮುಗಿಸುವ ಮೊದಲೇ, 'ನನಗೆ ವಿದೇಶಿ ಹಣದ ಲೆಕ್ಕ ಕೊಡುವ ಎಫ್‌ಸಿ-4 ರಿಟರ್ನ್ ತುಂಬೋದು ಗೊತ್ತು, ಪ್ರತಿ ಡಿಸೆಂಬರ್ ನಾನೇ ಕೂತು ತುಂಬೋದು, ಹೆಸರು ಸರ್‌ದು ಇರುತ್ತಿತ್ತು' ಅಂದರು. 14 ವರ್ಷದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಏನು ಹೇಳಬೇಕು ತೋಚಲಿಲ್ಲ. ದೊಡ್ಡ ದಾನಿಗಳ ಮುಂದೆ ಬಜೆಟ್ ಮಂಡಿಸುವುದು ಒಂದೇ ಅವರಿಗೆ ಭಯ. ಅರ್ಜಿ ಹಾಕುತ್ತೇನೆ ಅಂದಿದ್ದಾರೆ. ಹಾಗಾದರೆ ನೇಮಕದ ಕಾಗದ ಪತ್ರ ಯಾವುದೂ ಇನ್ನು ಅವರ ಮೇಜಿಗೆ ಹೋಗಬಾರದು, ಅದೆಲ್ಲ ನಾನು ನೋಡಿಕೊಳ್ಳುತ್ತಿದ್ದೇನೆ.

ಅಳಿಯನ ಹೆಸರು ಹೇಳಿದ್ದ ಟ್ರಸ್ಟಿಗೆ ಸಿಎ ಸರ್ ಬರೆದ ಭಾಗವನ್ನು ಓದಿ ಹೇಳಿದೆ. ಅವರು ಅಲ್ಲೇ ಹಿಂದೆ ತೆಗೆದುಕೊಂಡರು, ಮುನಿಸೂ ಇಲ್ಲ. ಆಡಿಟರಿಗೆ ಕೊಡುವ ಮಾತೂ ಬಿಟ್ಟಿದೆ.

ಜಾಹೀರಾತು ಬದಲಾಯಿಸಿದ್ದೇವೆ. ಈಗ ಹೀಗಿದೆ: 'ಸಣ್ಣ ಸಂಘಗಳ ಜೊತೆ ಕೆಲಸ ಮಾಡುವ ಟ್ರಸ್ಟಿಗೆ ಹಣಕಾಸು ಮುಖ್ಯಸ್ಥರು ಬೇಕು. ಟ್ರಸ್ಟಿನ ಅಥವಾ ಸಂಸ್ಥೆಯ ಲೆಕ್ಕವನ್ನು ಹತ್ತು ವರ್ಷ ನೋಡಿರಬೇಕು. ಸಿಎ ಆಗಿದ್ದರೆ ಸರಿ, ಆಗಿಲ್ಲದಿದ್ದರೂ ಅರ್ಜಿ ಹಾಕಿ. ಕನ್ನಡ ಚೆನ್ನಾಗಿ ಬರಬೇಕು, ಇಂಗ್ಲಿಷ್ ಓದಿ ಬರೆಯಲು ಬಂದರೆ ಸಾಕು. ತಿಂಗಳಲ್ಲಿ ಆರು ದಿನ ಪ್ರಯಾಣ ಇರುತ್ತದೆ. ದಲಿತ, ಆದಿವಾಸಿ, ಅಲ್ಪಸಂಖ್ಯಾತ ಸಮುದಾಯದವರು, ಮಹಿಳೆಯರು, ಅಂಗವಿಕಲರು ಅರ್ಜಿ ಹಾಕಬೇಕು ಅಂತ ವಿಶೇಷವಾಗಿ ಕೇಳಿಕೊಳ್ಳುತ್ತೇವೆ. ಸಂಬಳ ವರ್ಷಕ್ಕೆ 22ರಿಂದ 26 ಲಕ್ಷ.' ಸಂಬಳ ಬಹಿರಂಗವಾಗಿ ಹಾಕುವುದಕ್ಕೆ ಒಬ್ಬ ಟ್ರಸ್ಟಿ ಒಪ್ಪಲಿಲ್ಲ, ಒಂದು ಗಂಟೆ ಚರ್ಚೆ ಆಯಿತು, ಕೊನೆಗೆ ಹಾಕಿದ್ದೇವೆ. ಎಷ್ಟು ಸಿಗುತ್ತದೆ ಅಂತ ಗೊತ್ತಿಲ್ಲದೆ ಇರುವ ಕೆಲಸ ಬಿಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಸಂದರ್ಶನ ರಾಯಚೂರಿನಲ್ಲೇ ಇಟ್ಟಿದ್ದೇವೆ. ಸಮಿತಿಯಲ್ಲಿ ಇಬ್ಬರು ಟ್ರಸ್ಟಿಗಳು, ನಾನು, ಹೊರಗಿನ ಒಬ್ಬ ಸಿಎ, ಜೊತೆಗೆ ಎರಡು ಸಂಘಗಳಿಂದ ಒಬ್ಬೊಬ್ಬರು. ಸಂಘದವರಿಗೆ ಅವತ್ತಿನ ಕೂಲಿ ಮತ್ತು ಪ್ರಯಾಣದ ದುಡ್ಡನ್ನು ಮೊದಲೇ ಕಳಿಸುತ್ತಿದ್ದೇವೆ, ಆಮೇಲೆ ಬಿಲ್ಲು ಕೊಡಿ ಅಂತ ಅಲ್ಲ.

@ಲೆಕ್ಕದಮನೆ ಮೇಡಂ, ಖಾಕಿ ಕವರ್ ನಾವೂ ಸಿದ್ಧ ಮಾಡುತ್ತಿದ್ದೇವೆ. ಅಕ್ಕ ಅಭ್ಯರ್ಥಿ ಆದ್ದರಿಂದ ಅವರ ಕೈಗೆ ಹೋದ ವೋಚರ್ ಯಾವುದನ್ನೂ ಹಾಕುವ ಹಾಗಿಲ್ಲ, ನಮ್ಮಲ್ಲಿರುವುದೆಲ್ಲ ಅವರ ಕೈ ದಾಟಿ ಬಂದದ್ದೇ. ನಿಮ್ಮ ಹಳೆಯ ಕವರಿನ ನಕಲು ಕಳಿಸಲು ಆಗುತ್ತದಾ?